ತುದಿ ಕತ್ತರಿಸಿದ ಗಂಟು

(ಏಳನೆಯ ಕಂತು)

"ಹತ್ತಬ್ಯಾಡ್ರಿ ವಕೀಲಬಾಯಿ, ಬಿದ್ದಗಿದ್ದೀರಿ. ಈ ದೋಣಿ ಹೆಸರಿಗೆ ಒಂದ ಕೇಸ್ ಸಾಕು," ಎಂದ ನಿಲೇಶ.

ಕುಮುದಿನಿ ಆಗಲೇ ಟ್ರೇಲರಿನ ಗಾಲಿಯ ಮೇಲೆ ಒಂದು ಕಾಲಿಟ್ಟಾಗಿತ್ತು. ಏರಬೇಕೋ ಇಳಿಯಬೇಕೋ ಎಂದು ಒಂದು ಕ್ಷಣ ತಡವರಿಸಿದಳು. ಆಮೇಲೆ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಅಂಚು ಹಿಡಿದು, ದೋಣಿಯೊಳಗೆ ಇಳಿದೇ ಬಿಟ್ಟಳು. ಟ್ರೇಲರಿನ ಸ್ಪ್ರಿಂಗು ನರಳಿತು.

ಹದಿನೇಳು ಅಡಿಯ ಪುಟ್ಟ ಹಾಯಿದೋಣಿ. ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ. ಕೈಗಾರಿಕಾ ಬಡಾವಣೆಯಲ್ಲಿ, ನಿಲೇಶನ ಮನೆಯವರ ಗೋದಾಮಿನಲ್ಲಿ, ಚಾದರು ಟಾವೆಲುಗಳ ಮೂಟೆಗಳ ನಡುವೆ, ಮದುವೆ ಮನೆಗೆ ತಪ್ಪಿ ಬಂದ ನೆಂಟನ ಹಾಗೆ ನಿಂತಿತ್ತು. ಹನ್ನೊಂದು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ನಿಲೇಶನ ಅಣ್ಣ ಯೋಗಿರಾಜ ಇದನ್ನು ಕುರನೂರ ಅಣೆಕಟ್ಟಿನ ಹಿನ್ನೀರಿಗೆ ಇಳಿಸಿ ಒಬ್ಬನೇ ಹೋಗಿದ್ದ. ಹಾಯಿ ತುಂಬಿಕೊಂಡ ದೋಣಿ ಆಚೆ ದಡದ ಜೊಂಡಿನಲ್ಲಿ ಸಿಕ್ಕಿತು. ಯೋಗಿರಾಜ ಸಂಜೆ ಸಿಕ್ಕಿದ, ಮೀನುಗಾರ ತುಕಾರಾಮನ ಬಲೆಗೆ.

ಆ ತುಕಾರಾಮ ಈಗ ಕೊಲೆಯ ಆರೋಪದ ಮೇಲೆ ಒಳಗಿದ್ದ. ನಾಳೆ ಹನ್ನೊಂದು ಗಂಟೆಗೆ ಅಕ್ಕಲಕೋಟದ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿ. ವಕೀಲಳು ಕುಮುದಿನಿ. ಅವಳ ಚೀಲದಲ್ಲಿ ಅರ್ಜಿ ಇತ್ತು, ಅರ್ಜಿಯ ಮೂರು ಪ್ರತಿ ಇತ್ತು, ಕೋರ್ಟಿಗೆ ಹೇಳಲು ಮಾತ್ರ ಏನೂ ಇರಲಿಲ್ಲ.

ಗೋದಾಮಿನ ಗೇಟಿನ ಬಳಿ, ಬಿಸಿಲಿಗೆ ಸೆರಗು ಮರೆ ಮಾಡಿಕೊಂಡು, ತುಕಾರಾಮನ ಹೆಂಡತಿ ಸುಗಲಾಬಾಯಿ ಕೂತಿದ್ದಳು. ಬೆಳಿಗ್ಗೆ ಬಸ್ಸಿನಲ್ಲಿ ಜೊತೆಗೇ ಬಂದವಳು. ಗುರುವಾರವಾದ್ದರಿಂದ ಅಕ್ಕಲಕೋಟದ ಮಠದಲ್ಲಿ ದರ್ಶನ ಮುಗಿಸಿದ ಜನ ತುಂಬಿದ್ದರು. ವಳಸಂಗದವರೆಗೂ ಇಬ್ಬರೂ ನಿಂತೇ ಬಂದಿದ್ದರು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ ಮಾತು. "ನಾಳಿ ಬಿಡ್ತಾರಲ್ರಿ ಬಾಯಿ? ಅಂವಗ ಅಲ್ಲಿ ನಿದ್ದಿ ಹತ್ತಂಗಿಲ್ರಿ. ನೀರಿನ ಸಪ್ಪಳ ಕೇಳದಿದ್ರ ಅಂವಗ ನಿದ್ದಿ ಬರಂಗಿಲ್ಲ."

ಬಿಡುತ್ತಾರೆ ಎನ್ನುವ ಬದಲು ಕುಮುದಿನಿ ಅವಳ ಟಿಕೀಟನ್ನೂ ತಾನೇ ತೆಗೆಸಿದ್ದಳು.

"ಪೊಲೀಸರು ಎಲ್ಲಾ ನೋಡ್ಕೊಂಡು ಹೋಗ್ಯಾರ," ಎಂದ ನಿಲೇಶ ಕೆಳಗಿನಿಂದ. "ಪಂಚನಾಮೆ ಮುಗಿಸಿ ದೋಣಿ ನಮಗ ಕೊಟ್ಟಾರ. ನೀವೇನು ಹೊಸದಾಗಿ ಹುಡುಕ್ತೀರಿ?"

"ನಂಗೂ ಗೊತ್ತಿಲ್ರಿ," ಎಂದಳು ಕುಮುದಿನಿ. ಅದು ನಿಜವಾಗಿತ್ತು.

ಅವಳಿಗೆ ಈಜು ಬಾರದು. ದೋಣಿಯ ವಿಷಯ ತಿಳಿಯದು. ಆದರೆ ಏಳು ದಿನದಿಂದ ತಿಳಿದವರನ್ನು ಕೇಳಿ ಕೇಳಿ ಒಂದಿಷ್ಟು ಗುರುತು ಹಾಕಿಕೊಂಡಿದ್ದಳು. ಇದು ಕೂವೆಮರ, ಹಾಯಿ ಕಟ್ಟುವ ಕಂಬ, ಈಗ ಮಲಗಿಸಿ ಕಟ್ಟಿದೆ. ನೀರಿನ ಬಳಿ ಹೋದ ಮೇಲೆ ಯೋಗಿರಾಜ ಕೈರಾಟೆ ತಿರುಗಿಸಿ ಒಬ್ಬನೇ ಎತ್ತುತ್ತಿದ್ದ. ಇದು ತಳದಿಂದ ಕೆಳಗಿಳಿಸುವ ಕಬ್ಬಿಣದ ಹಲಗೆ. ಇದಿಲ್ಲದಿದ್ದರೆ ಗಾಳಿಗೆ ದೋಣಿ ಪಕ್ಕಕ್ಕೆ ಜಾರುತ್ತದೆ. ತುಕಾರಾಮನ ಬಲೆಯನ್ನು ಮೂರು ಸಲ ಹರಿದದ್ದೂ ಇದೇ ಹಲಗೆ. ಮೂರನೆಯ ಸಲ ಅವನು ದಡದಲ್ಲಿ ಹತ್ತು ಜನರೆದುರು, "ಇನ್ನೊಮ್ಮಿ ಹರದ್ರ ನಿನ್ನನ್ನೂ ಮುಳಗಸ್ತೀನಿ, ನಿನ್ನ ದೋಣಿನ್ನೂ ಮುಳಗಸ್ತೀನಿ," ಎಂದು ಕೂಗಾಡಿದ್ದ. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಚುಕ್ಕಾಣಿಯ ಹಿಡಿಕೆಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಇನ್ನೂ ಬಿಗಿದೇ ಇತ್ತು. ಕುಮುದಿನಿ ಅದನ್ನು ಮುಟ್ಟಿದಳು.

"ಇದು ಯಾಕ್ರಿ?"

"ಕೈ ಬದಲಿ," ಎಂದ ನಿಲೇಶ. "ಮುಂದ ಹೋಗಿ ಹಾಯಿ ಏರಸಬೇಕಲ್ಲ, ಆವಾಗ ಚುಕ್ಕಾಣಿ ಹಿಡಿಯಾವ್ರು ಯಾರು? ಟ್ಯೂಬ್ ಕಟ್ಟಿದ್ರ ದೋಣಿ ನೆಟ್ಟಗ ಹೋಗ್ತದ. ಇನ್ನೊಬ್ಬನ್ನ ಕರ್ಕೊಂಡು ಹೋಗೋ ಅಂದ್ರ, ಇನ್ನೊಬ್ಬ ಬಂದ್ರ ಮಾತಾಡ್ತಾನ ಅಂತಿದ್ದ."

ನೆಟ್ಟಗೆ ಹೋಗುತ್ತದೆ. ಕುಮುದಿನಿ ಟ್ಯೂಬಿನಿಂದ ಕೈ ತೆಗೆದಳು. ಯೋಗಿರಾಜ ನೀರಿಗೆ ಬಿದ್ದ ಮೇಲೂ ಅದು ನೆಟ್ಟಗೆ ಹೋಗಿತ್ತು, ಎರಡು ಕಿಲೋಮೀಟರು, ಒಡೆಯನಿಲ್ಲದೆ, ಹಾಯಿ ತುಂಬಿಕೊಂಡು. ಅವನು ಅದರ ಬೆನ್ನು ನೋಡುತ್ತಲೇ ಮುಳುಗಿರಬೇಕು.

ಅವಳು ಒಳಗೋಣೆಯ ಮುಚ್ಚಳ ಎತ್ತಿದಳು. ಮನುಷ್ಯ ಬಗ್ಗಿ ಕೂರುವಷ್ಟೇ ಜಾಗ. ತೇಲುವ ಜಾಕೆಟ್ಟು ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಜಾಕೆಟ್ಟೂ ಸೊಂಟದ ಬೆಲ್ಟೂ ಎರಡೂ ಹಾಕಿದರೆ ಕೈ ಆಡುವುದಿಲ್ಲವೆಂದು ಯೋಗಿರಾಜ ಬೆಲ್ಟನ್ನೇ ನಂಬಿದ್ದ. ಬೆಲ್ಟಿನ ಹಗ್ಗದ ಇನ್ನೊಂದು ತುದಿ ದೋಣಿಯ ಉಂಗುರಕ್ಕೆ. ಬಿದ್ದರೂ ದೋಣಿ ಬಿಟ್ಟು ಹೋಗಬಾರದು ಎಂದು.

ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿಸಿತ್ತು. ಯೋಗಿರಾಜನ ಕೈಬರಹ, ಮರಾಠಿಯಲ್ಲಿ. ಪೊಲೀಸರ ಪಂಚನಾಮೆಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ಮುಚ್ಚಳ ಎತ್ತಿದವರು ಒಳಗೆ ನೋಡಿದ್ದರು, ಮುಚ್ಚಳವನ್ನು ನೋಡಿರಲಿಲ್ಲ. ಕುಮುದಿನಿ ತಲೆ ಹೊರಳಿಸಿ ಓದಿದಳು.

ಒಬ್ಬನೇ ಇದ್ದೀಯ, ಮರೆಯಬೇಡ. ಬೆಲ್ಟು ಹಾಕದೆ ಹಾಯಿ ಮುಟ್ಟಬೇಡ. ಹಗ್ಗ ಎಳೆದು ನೋಡು, ಮತ್ತೊಮ್ಮೆ ಎಳೆ. ಬಿದ್ದರೆ ದೋಣಿ ನಿಲ್ಲುವುದಿಲ್ಲ. ತಿರುಗಿಸಿಕೊಂಡು ಬರಲು ಮೇಲೆ ಯಾರೂ ಇಲ್ಲ.

ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಅವಸರದಲ್ಲಿ ಗೀಚಿದ ಒಂದು ಸಾಲು: ಹಗ್ಗ ಗಿಡ್ಡ. ಕೂವೆಯ ಬುಡ ಮುಟ್ಟಲು ಬಿಚ್ಚಬೇಕಾಗುತ್ತದೆ. ಉದ್ದ ಮಾಡಿಸು.

ಮಾಡಿಸು.

ಕುಮುದಿನಿ ಆ ಪದವನ್ನು ಎರಡು ಸಲ ಓದಿದಳು. ಮೂರನೆಯ ಸಲವೂ ಓದಿದಳು. ಅವಳ ಅಭ್ಯಾಸವೇ ಹಾಗೆ, ಮನೆ ಬೀಗವನ್ನೂ ಮೂರು ಸಲ ಎಳೆಯುವವಳು. ಮಾಡು ಎಂದಲ್ಲ. ಮಾಡಿಸು.

ಮೊಬೈಲು ತೆಗೆದು ಪೊಲೀಸರು ತೆಗೆದ ಫೋಟೋ ಹುಡುಕಿದಳು. ಮುದ್ದೆಮಾಲು ಎಂದು ಚೀಟಿ ಹಚ್ಚಿದ ಎರಡು ಹಗ್ಗದ ತುಂಡು: ಒಂದು ದೋಣಿಯ ಉಂಗುರದಲ್ಲಿ ಉಳಿದದ್ದು, ಇನ್ನೊಂದು ಹೆಣದ ಸೊಂಟದ ಬೆಲ್ಟಿನಲ್ಲಿ. 'ಬಿಳಿ ಹಗ್ಗ, ನಡುವೆ ಚಾಕುವಿನಿಂದ ಕತ್ತರಿಸಿದ್ದು' ಎಂದು ಬರೆದಿದ್ದರು. ಏಳು ದಿನದಿಂದ ಅವಳು ನೋಡುತ್ತಿದ್ದ ಫೋಟೋ. ಇವತ್ತು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

ಉಂಗುರದ ತುಂಡಿನಲ್ಲಿ ಒಂದು ಕೆಂಪು ಎಳೆ ಉದ್ದಕ್ಕೂ ಓಡಿತ್ತು. ಬೆಲ್ಟಿನ ತುಂಡಿನಲ್ಲಿ ಇರಲಿಲ್ಲ.

"ನಿಲೇಶ, ಈ ದೋಣಿ ಹಗ್ಗ ಎಲ್ಲಿಂದ ತಂದಿದ್ದು?"

"ಮುಂಬೈದಿಂದ. ದೋಣಿ ಸಂಗಡನ ಬಂದಿತ್ತು."

"ಎಲ್ಲಾದರಾಗೂ ಕೆಂಪು ಎಳಿ ಅದ ಏನ್ರಿ?"

ಅವನು ಒಂದು ಹಗ್ಗ ಎತ್ತಿ ನೋಡಿದ. ಇನ್ನೊಂದನ್ನು ನೋಡಿದ. "ಹೌದು."

"ಮತ್ತ ಆ ಹಗ್ಗ?" ಅವಳು ಗೋದಾಮಿನ ಮೂಲೆಗೆ ಬೆರಳು ಮಾಡಿದಳು. ಮೂಟೆ ಕಟ್ಟುವ ನೈಲಾನ್ ಹಗ್ಗದ ದೊಡ್ಡ ಸುರುಳಿ. ಬೆಳ್ಳಗೆ, ನುಣ್ಣಗೆ, ಎಳೆಯಿಲ್ಲದ್ದು.

ನಿಲೇಶ ಕೈಯಲ್ಲಿದ್ದ ಹಗ್ಗವನ್ನು ಕೆಳಗೆ ಹಾಕಿದ.

ಒಂದೇ ಹಗ್ಗವನ್ನು ಯಾರೋ ಎರಡು ಮಾಡಿರಲಿಲ್ಲ. ಎರಡು ಹಗ್ಗವನ್ನು ಯಾರೋ ಒಂದು ಮಾಡಿದ್ದರು. ಅದು ಬಿಚ್ಚಿಕೊಂಡಿತ್ತು. ಹಗ್ಗವನ್ನು ನಡುವೆ ಕತ್ತರಿಸಿಯೇ ಇರಲಿಲ್ಲವೆಂದರೆ ಪೊಲೀಸರು ವಶಪಡಿಸಿಕೊಂಡಿದ್ದ ತುಕಾರಾಮನ ಚಾಕು ಮೀನು ಕೊಯ್ಯುವ ಚಾಕು, ಅಷ್ಟೇ.

ಕುಮುದಿನಿ ಸುರುಳಿಯಿಂದ ಕಣ್ಣು ತೆಗೆದು ನಿಲೇಶನನ್ನೇ ನೋಡಿದಳು.

"ಏನು ನೋಡ್ತೀರಿ ನನ್ನ?" ನಿಲೇಶ ರೇಗಿದ. "ನಾ ಕಟ್ಟೀನಿ ಅಂತೀರೇನು? ನಂಗ ಬೂಟಿನ ಲೇಸ್ ಕಟ್ಟಾಕ ಬರಂಗಿಲ್ಲ ಅಂತ ಸ್ಯಾಂಡಲ್ ಹಾಕ್ತೀನಿ. ಈ ಮನ್ಯಾಗ ಗಂಟು ಹಾಕಾಂವ ಒಬ್ಬನ."

"ಯಾರು?"

ಅವನು ಗೋದಾಮಿನ ಹಿಂದಿನ ಕೋಣೆಯ ಕಡೆ ನೋಡಿದ. ನೋಡಿ, ಹೇಳಬಾರದ್ದನ್ನು ಹೇಳಿದವನ ಹಾಗೆ ಕೆಳತುಟಿ ಕಚ್ಚಿಕೊಂಡ.

"ಅಪ್ಪಾಗ ಏನೂ ಹೇಳಬ್ಯಾಡ್ರಿ ಬಾಯಿ," ಎಂದ. ಈ ಸಲ ದನಿಯಲ್ಲಿ ಕುಹಕವಿರಲಿಲ್ಲ. "ಅಂವ ಹನ್ನೊಂದು ದಿನದಿಂದ ಊಟಾ ಬರೋಬ್ಬರ ಮಾಡಿಲ್ಲ."

*

ನಿಲೇಶನ ತಂದೆ ಸಾತಲಿಂಗಪ್ಪನವರಿಗೆ ಎಪ್ಪತ್ನಾಲ್ಕು. ಹನ್ನೆರಡನೆಯ ವಯಸ್ಸಿಗೆ ಬೇರೆಯವರ ಮಗ್ಗದ ಮುಂದೆ ಕೂತವರು, ಮೂವತ್ತಕ್ಕೆ ಸ್ವಂತ ಮಗ್ಗ, ಐವತ್ತಕ್ಕೆ ಈ ಗೋದಾಮು. ಹಣೆಯ ಮೇಲೆ ವಿಭೂತಿ, ತಲೆಗೆ ಬಿಳಿ ಟೋಪಿ. ನೂಲು ಕತ್ತರಿಸುವ ಗೇಣಿಗಿಂತ ಚಿಕ್ಕ ಕತ್ತರಿಯೊಂದು ದಾರದಲ್ಲಿ ಕೊರಳಿಗೆ ಜೋತು ಬಿದ್ದಿತ್ತು. ಯಂತ್ರಗಳೇ ಎಲ್ಲ ಮಾಡುವ ಕಾಲದಲ್ಲೂ ಅದನ್ನು ಅವರು ಕೊರಳಿಂದ ತೆಗೆದಿರಲಿಲ್ಲ.

"ಬರ್ರಿ ವಕೀಲಬಾಯಿ. ಕೂಡ್ರಿ. ಚಹಾ ತರಸ್ಲೇನು?"

"ಬ್ಯಾಡ್ರಿ ಕಾಕಾ."

"ನನ್ನ ಮಗನ್ನ ಕೊಂದಾಂವ ಅಂತ ಅವರು ಹಿಡದಾರ, ನೀವು ಅಂವನ ಬಿಡಸಾಕ ಹತ್ತೀರಿ. ಚಹಾ ಬ್ಯಾಡ ಅನ್ನೂದು ಬರೋಬ್ಬರ ಅದ." ಅವರು ನಕ್ಕರು. ಕಣ್ಣು ನಗಲಿಲ್ಲ.

ಕುಮುದಿನಿ ಎರಡು ಹಗ್ಗದ ತುಂಡುಗಳನ್ನು ಮೇಜಿನ ಮೇಲಿಟ್ಟಳು. ಒಂದು ದೋಣಿಯಿಂದ ತಂದ ಕೆಂಪೆಳೆಯದು, ಇನ್ನೊಂದು ಮೂಟೆಯ ಹಗ್ಗ. ಬರುವಾಗ ಏನು ಕೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದಳು. ಈಗ ಅರ್ಧ ಮರೆತಿತ್ತು.

"ಕಾಕಾ, ಇವೆರಡನ್ನ ಒಂದಕ್ಕೊಂದು ಕೂಡಸ್ತೀರೇನು?"

ಮುದುಕ ಹಗ್ಗ ನೋಡಿದರು. ಅವಳನ್ನು ನೋಡಿದರು. ಏಕೆಂದು ಕೇಳಲಿಲ್ಲ. ಎಡಗೈಯಲ್ಲಿ ಒಂದು ತುದಿ ಮಡಚಿ, ಬಲಗೈಯದನ್ನು ತೂರಿಸಿ, ಸುತ್ತಿ, ಎಳೆದರು. ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಬಿದ್ದಿತ್ತು. ಅರವತ್ತು ವರ್ಷ ಹರಿದ ನೂಲನ್ನೆಲ್ಲ ಕೂಡಿಸಿದ ಕೈ ಅದು.

ಕುಮುದಿನಿ ಅವರ ಕೊರಳಿನ ಕತ್ತರಿಯನ್ನೇ ನೋಡುತ್ತಿದ್ದಳು.

ಅವಳು ಎಣಿಸಿದ್ದು ಇಷ್ಟೇ. ನೂಲಿಗೆ ಗಂಟು ಹಾಕಿದವನು ತುದಿಯನ್ನು ಬುಡಕ್ಕೇ ಕತ್ತರಿಸುತ್ತಾನೆ. ಇಲ್ಲದಿದ್ದರೆ ಗಂಟು ಮಗ್ಗದ ಹಲ್ಲಿಗೆ ಸಿಕ್ಕಿ ಬಟ್ಟೆ ಕೆಡುತ್ತದೆ. ಈ ಮನೆಯಲ್ಲಿ ಚೊಕ್ಕ ಗಂಟು ಎಂದರೆ ತುದಿಯಿಲ್ಲದ ಗಂಟು. ನೂಲಿಗೆ ಅದು ಸರಿ, ನೂಲು ನೂಲನ್ನು ಕಚ್ಚಿಕೊಳ್ಳುತ್ತದೆ. ನುಣುಪಾದ ನೈಲಾನಿಗೆ ಅದೇ ಗಂಟು ಹಾಕಿ ತುದಿ ಕತ್ತರಿಸಿದರೆ, ಕೈಯಿಂದ ಎಳೆದಾಗ ನಿಲ್ಲುತ್ತದೆ, ನೀರಿನ ಮೇಲೆ ತಾಸುಗಟ್ಟಲೆ ಅಲುಗಾಡಿದರೆ ಜಾರುತ್ತದೆ. ಯೋಗಿರಾಜ ಎಳೆದು ನೋಡಿರಬೇಕು, ಮತ್ತೊಮ್ಮೆ ಎಳೆದಿರಬೇಕು. ತುದಿ ಇಲ್ಲದ್ದು ಅವನ ಕಣ್ಣಿಗೆ ತಪ್ಪಾಗಿ ಕಂಡೇ ಇರಲಿಕ್ಕಿಲ್ಲ. ಹುಟ್ಟಿದಾಗಿನಿಂದ ಅವನು ಕಂಡ ಗಂಟೆಲ್ಲ ಹಾಗೇ ಇದ್ದವು.

ಪ್ರೀತಿಯಿಂದ ಕಟ್ಟಿಕೊಟ್ಟ ಗಂಟು. ರೂಢಿಯಿಂದ ಕತ್ತರಿಸಿದ ತುದಿ. ಕೊಲೆಯೇ ಅಲ್ಲ. ಅದನ್ನು ಈ ಮುದುಕನಿಗೆ ಹೇಗೆ ಹೇಳುವುದೆಂದು ಅವಳು ಮನಸ್ಸಿನಲ್ಲೇ ಮಾತು ಹೊಂದಿಸುತ್ತಿದ್ದಳು.

ಆದರೆ ಮುದುಕರ ಕೈ ಕತ್ತರಿಯ ಕಡೆ ಹೋಗಲಿಲ್ಲ.

ಸಾತಲಿಂಗಪ್ಪ ಗಂಟಿನಿಂದ ಹೊರಟ ಎರಡೂ ತುದಿಗಳನ್ನು ಗೇಣುದ್ದ ಬಿಟ್ಟರು. ಮೇಜಿನ ಮೇಲಿನ ದಾರದುಂಡೆ ತೆಗೆದು, ಒಂದೊಂದು ತುದಿಯನ್ನೂ ಹಗ್ಗಕ್ಕೆ ಒತ್ತಿ, ಬಿಗಿಯಾಗಿ ಸುತ್ತಿದರು. ಮಗುವಿಗೆ ಜಡೆ ಹಾಕುವವರ ತಾಳ್ಮೆ.

"ಹಗ್ಗದ್ದು ನೂಲಿನಂಗ ಅಲ್ಲ," ಎಂದರು ತಲೆ ಎತ್ತದೆ. "ಲಾರಿ ಮ್ಯಾಲ ಮೂಟಿ ಕಟ್ಟಾಂವಗ ಗೊತ್ತಿರ್ತದ. ತುದಿ ಬಿಡಬೇಕು."

ಕುಮುದಿನಿ ಕಟ್ಟಿಕೊಂಡು ಬಂದದ್ದೆಲ್ಲ ಕುಸಿಯಿತು.

"ಶನಿವಾರ ನೀವ ಕಟ್ಟಿದ್ರೇನು ಕಾಕಾ? ಯೋಗಿರಾಜರ ಹಗ್ಗ?"

"ನಾನ. ಸಂಜೀ ಏಳಕ್ಕ ಬಂದ. ಅಪ್ಪಾ, ಇದನ್ನ ಉದ್ದ ಮಾಡಿ ಕೊಡು ಅಂದ." ಅವರ ಬೆರಳು ದಾರದ ಮೇಲೆ ನಿಂತಿತು. "ಹತ್ತು ವರ್ಷದಾಗ ಅಂವ ನನ್ನ ಕಡಿಂದ ಮಾಡಿಸ್ಕೊಂಡ ಕೆಲಸ ಅದೊಂದ. ಈ ದೋಣಿ ತಂದಾಗಿಂದ ನಮ್ಮಿಬ್ಬರದು ಮಾತಿಗೆ ಮಾತು ಇರಲಿಲ್ಲ. ಯಾಕ್ ಕೇಳ್ತೀರಿ?"

ತೋರಿಸಬಾರದು ಎಂದು ಒಂದು ಮನಸ್ಸು ಹೇಳಿತು. ತೋರಿಸದೆ ಹೇಗೆ ಎಂದಿತು ಇನ್ನೊಂದು. ಅವಳು ಮೊಬೈಲು ಮುಂದಿಟ್ಟಳು.

ಮುದುಕ ಕನ್ನಡಕ ಏರಿಸಿ ಬಗ್ಗಿದರು. ಎರಡೂ ತುಂಡಿನ ಕೊನೆಯಲ್ಲಿ ಹಗ್ಗ ಇನ್ನೂ ಸೊಟ್ಟಗೆ ಮಡಚಿಕೊಂಡೇ ಇತ್ತು. ಗಂಟು ಬಿಚ್ಚಿದರೂ ಗಂಟಿನ ನೆನಪು ಹೋಗಿರಲಿಲ್ಲ. ಮಡಿಕೆಯಿಂದಾಚೆ ತುದಿ ಇದ್ದದ್ದು ಉಗುರಿನಷ್ಟು. ಸುತ್ತಿದ ದಾರದ ಸುಳಿವೂ ಇಲ್ಲ.

"ಇದು ನಾ ಕಟ್ಟಿದ್ದ ಅದ," ಎಂದರು ಮೆಲ್ಲಗೆ. "ಇದು ನಾ ಬಿಟ್ಟ ತುದಿ ಅಲ್ಲ."

ಇನ್ನೂ ಹತ್ತಿರದಿಂದ ನೋಡಲೆಂದು ಬೆರಳು ತಾಗಿಸಿದರು. ಫೋಟೋ ಸರಿಯಿತು. ಮುಂದಿನದು ಬಂತು. ಬೆಲ್ಟು, ಬೆಲ್ಟಿನ ಕೆಳಗೆ ನೀರು ಕುಡಿದು ಉಬ್ಬಿದ ಹೊಟ್ಟೆ, ಮೇಲೆ ಮೊಸಳೆ ಬಣ್ಣದ ಜೊಂಡು ಅಂಟಿದ ಗದ್ದ.

ಕುಮುದಿನಿ ಮೊಬೈಲು ಕಸಿದುಕೊಂಡಳು. ತಡವಾಗಿತ್ತು.

ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತ ಕುಂಯ್ ಕುಂಯ್ ಎನ್ನುತ್ತಿತ್ತು.

"ತಪ್ಪಾತು ಕಾಕಾ. ನಾ..."

"ಇರಲಿ. ಅಂವನ ತಾಯಿ ಇದನ್ನ ನೋಡಾಕ ಉಳೀಲಿಲ್ಲ. ಅದೊಂದ ಚಲೋ ಆತು."

ಆಮೇಲೆ ಅವರು ಕೊರಳಿನ ಕತ್ತರಿ ಹಿಡಿದರು. ಈಗ ತಾನೇ ಕಟ್ಟಿದ ಗಂಟನ್ನು ಎತ್ತಿ, ಸುತ್ತಿದ ದಾರವನ್ನು ಕತ್ತರಿಸಿ ಎಳೆದು, ಒಂದು ತುದಿ, ಇನ್ನೊಂದು ತುದಿ, ಬುಡಕ್ಕೇ ಕತ್ತರಿಸಿದರು. ಗೇಣುದ್ದದ ಎರಡು ತುಂಡು ಮೇಜಿನ ಮೇಲೆ ಬಿದ್ದವು.

"ಹಿಂಗ ಮಾಡಿದ್ದೆ," ಎಂದರು. "ರೂಢಿ ನೋಡ್ರಿ. ಕೈ ಹೋಗಿಬಿಡ್ತು. ಬರ್ಕೋರಿ."

"ಏನು?"

"ಬರ್ಕೋರಿ ಅಂದೆ. ನಾ ಸಾತಲಿಂಗಪ್ಪ, ಮಗನ ಹಗ್ಗಕ್ಕ ಗಂಟು ಹಾಕಿ, ತುದಿ ನಾನ ಕತ್ತರಿಸಿ ಕೊಟ್ಟೆ. ಗಂಟು ಜಾರಿ ಅಂವ ಹೋದ. ಯಾರ ಮ್ಯಾಲೂ ನಂದು ಸಂಶಯ ಇಲ್ಲ. ನಾಳಿ ಕೋರ್ಟಿಗೆ ಬಂದು ಬಾಯಿಲೇನೂ ಹೇಳ್ತೀನಿ. ನಿಮ್ಮ ತುಕಾರಾಮ ಬಿಡುಗಡಿ."

ಇದೇ ಮಾತು ಕೇಳಲೆಂದೇ ಅವಳು ಈ ಕೋಣೆಗೆ ಬಂದಿದ್ದಳು. ಅಕ್ಷರಕ್ಕೆ ಅಕ್ಷರ ಇದೇ ಮಾತು. ಸತ್ತವನ ತಂದೆಯೇ ಹೇಳಿದ ಮೇಲೆ ಯಾವ ನ್ಯಾಯಾಧೀಶರು ಇಲ್ಲವೆಂದಾರು?

ಅವಳ ಕೈ ತಾನಾಗಿಯೇ ಚೀಲದಿಂದ ಹಾಳೆ ತೆಗೆಯಿತು. ಕೋರ್ಟಿಗಾಗಿ ಮರಾಠಿಯಲ್ಲಿ ಬರೆದಳು, ಕನ್ನಡದಲ್ಲಿ ಓದಿ ಹೇಳಿದಳು. ಎರಡು ಕಡೆ ಅಕ್ಷರ ತಪ್ಪಿತು, ತಿದ್ದಿದಳು. ಸಾತಲಿಂಗಪ್ಪ ಗದ್ದ ಆಡಿಸುತ್ತ ಕೇಳಿದರು. ಸಹಿಯನ್ನು ಮಾತ್ರ ಕನ್ನಡದಲ್ಲಿ ಮಾಡಿದರು, ನಾಲ್ಕನೆಯ ಇಯತ್ತೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ.

ಹಾಳೆ ಮಡಚಿ ಎದ್ದಿದ್ದರೆ ಮುಗಿಯುತ್ತಿತ್ತು. ಕುಮುದಿನಿ ಎದ್ದಳು ಕೂಡ. ಬಾಗಿಲವರೆಗೆ ಹೋದಳು. ಗೇಟಿನ ಬಳಿ ಸುಗಲಾಬಾಯಿ ಕೂತಿದ್ದ ಜಾಗ ಅಲ್ಲಿಂದ ಕಾಣುತ್ತಿತ್ತು. ಹೋಗಿ ಹೇಳಬಹುದಾಗಿತ್ತು: ನಾಳಿ ಬಿಡ್ತಾರವ್ವಾ.

ತಿರುಗಿ ಬಂದು ಕೂತಳು.

"ಕಾಕಾ, ಮೊದಲ ಸಲ ನಿಮ್ಮ ಕೈ ಯಾಕ ಕತ್ತರಿ ಕಡಿಗೆ ಹೋಗಲಿಲ್ಲ?"

"ಮರತಿದ್ದೆ."

"ಅರವತ್ತು ವರ್ಷದ ಕೈ. ನೀವು ಮರತ್ರೂ ಅದು ಮರಿಯಂಗಿಲ್ಲ. ತುದಿ ನೀವು ಕತ್ತರಿಸಿಲ್ಲ. ನೀವು ಕೊಟ್ಟ ಮ್ಯಾಲ ಯಾರೋ ದಾರ ಬಿಚ್ಚಿ ಕತ್ತರಿಸ್ಯಾರ."

"ಅಲ್ರೀ ಬಾಯಿ," ಮುದುಕರ ದನಿ ಮೊದಲ ಸಲ ಗಡುಸಾಯಿತು, "ನಿಮ್ಮ ಮನಿಷ್ಯಾ ಬಿಡುಗಡಿ ಆಗ್ತಾನ. ಬಸ್. ಮತ್ಯಾಕ ಕೆದರ್ತೀರಿ? ನಿಮ್ಮಂಥ ವಕೀಲರನ್ನ ನಾ ನೋಡೇ ಇಲ್ಲ. ಗೆದ್ದ ಮ್ಯಾಲೂ ಸೋಲಾಕ ಕೂಡ್ತಾರ."

"ಯಾರನ್ನ ಉಳಸಾಕತ್ತೀರಿ? ನಿಲೇಶನ್ನೇನು?"

ಸಾತಲಿಂಗಪ್ಪ ಅವಳನ್ನು ದಿಟ್ಟಿಸಿದರು. "ನಿಲ್ಯಾಗ ಗಂಟಿನ ತುದಿ ಯಾವುದು ಬುಡ ಯಾವುದು ಅಂತ ಗೊತ್ತಿದ್ದಿದ್ರ, ನಾ ಎಂದೋ ಕೀಲಿ ಅಂವನ ಕೈಯಾಗ ಕೊಟ್ಟು ಕಾಶಿಗೆ ಹೋಗ್ತಿದ್ದೆ."

"ಹಂಗಾದ್ರ ಯಾರು? ಶನಿವಾರ ಏಳಕ್ಕ ನೀವು ಕಟ್ಟಿ ಕೊಟ್ರಿ. ಆಮ್ಯಾಲ?"

"ನನ್ನ ಕಣ್ಣೆದುರ ದೋಣ್ಯಾಗ ಇಟ್ಟ. ಗೋದಾಮಿಗೆ ನಾನ ಬೀಗ ಹಾಕಿದೆ. ಕೀಲಿ ನನ್ನ ತಲಿಗಿಂಬಿನ ಕೆಳಗ ಇತ್ತು. ಮುಂಜಾನಿ ಐದಕ್ಕ ನಾನ ತಗದೆ. ಅಂವ ಜೀಪಿಗೆ ಟ್ರೇಲರ್ ಹಚ್ಕೊಂಡು ಹೋದ. ಒ..." ಮುದುಕ ಅಲ್ಲಿಗೇ ನಿಂತರು.

"ಒಬ್ಬನ," ಎಂದು ಮುಗಿಸಿದಳು ಕುಮುದಿನಿ.

ಮುಗಿಸುವಾಗಲೇ ಅವಳಿಗೆ ಹೊಳೆಯಿತು. ಒಬ್ಬನೇ ಹೋದ. ಹಿನ್ನೀರಿನ ದಡದಲ್ಲಿ ದೋಣಿ ಇಳಿಸಿದ. ಆಮೇಲೆ ಜೀಪು ಟ್ರೇಲರನ್ನು ಮೇಲೆ ನಿಲ್ಲಿಸಿ ಬರಲು ಹೋದ. ಹತ್ತು ಹದಿನೈದು ನಿಮಿಷ. ಅಷ್ಟು ಹೊತ್ತೂ ನೀರಿನಲ್ಲಿ ದೋಣಿಯ ಅಂಚು ಹಿಡಿದು ನಿಂತವನು ಒಬ್ಬನೇ ಒಬ್ಬ. ಅವನ ಸೊಂಟದಲ್ಲಿ ಚಾಕು ಇತ್ತು. ಪ್ರತಿ ಭಾನುವಾರವೂ ದೋಣಿ ಹಿಡಿದು ನಿಲ್ಲುವವನು ಅವನೇ ಎಂದು ಅರ್ಜಿಯಲ್ಲಿ ಅವಳೇ ಬರೆದಿದ್ದಳು, ಅವರಿಬ್ಬರ ನಡುವೆ ಹಗೆತನ ಇರಲಿಲ್ಲ ಎಂದು ತೋರಿಸಲು.

ತುದಿ ಕತ್ತರಿಸಲು ಸಾಧ್ಯವಿದ್ದ ಕೈ ಇಡೀ ಲೋಕದಲ್ಲಿ ಒಂದೇ. ಅದು ಅವಳ ಕಕ್ಷಿದಾರನದು.

ಸುಳ್ಳು ಕಾಗದ ಕೋರ್ಟಿಗೆ ಕೊಟ್ಟರೆ ತುಕಾರಾಮ ನಾಳೆ ಮಧ್ಯಾಹ್ನ ತನ್ನ ಗುಡಿಸಿಲಿನಲ್ಲಿ ನೀರಿನ ಸಪ್ಪಳ ಕೇಳುತ್ತ ಮಲಗುತ್ತಾನೆ. ನಿಜ ಹೇಳಿದರೆ ಅವಳೇ ಕೈಯಾರೆ ಅವನನ್ನು ಒಳಗೆ ಹಾಕಿದ ಹಾಗೆ. ಏಳು ದಿನ ಹುಡುಕಿ ಹುಡುಕಿ ಅವಳು ಕಂಡುಹಿಡಿದದ್ದು ಇದನ್ನು. ಪೊಲೀಸರಿಗೆ ಕಾಣದ್ದನ್ನು ಕಂಡೆ ಎಂದು ಒಳಗೊಳಗೇ ಬೀಗಿದ್ದಕ್ಕೆ ಅವಳಿಗೆ ಈಗ ನಾಚಿಕೆಯಾಯಿತು.

"ತಿಳೀತಲ್ಲ?" ಎಂದರು ಸಾತಲಿಂಗಪ್ಪ.

"ನಿಮಗ ಮೊದಲ ತಿಳದಿತ್ತೇನು?"

"ಫೋಟೋ ನೋಡಿದ ಕೂಡಲೇ."

"ನಿಮ್ಮ ಮಗನ್ನ ಕೊಂದಾಂವ ಅಂವ ಅಂತ ತಿಳದು, ಅಂವನ್ನ ಬಿಡಸಾಕ ಸಹಿ ಮಾಡಿದ್ರಿ?"

ಮುದುಕ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಟೋಪಿಯಿಲ್ಲದ ತಲೆ ಇನ್ನೂ ಚಿಕ್ಕದಾಗಿ ಕಂಡಿತು. ಹೊರಗಿನ ಲಾರಿ ಸುಮ್ಮನಾಗಿತ್ತು.

"ತುಕಾರಾಮ ಹನ್ನೊಂದು ದಿನದಿಂದ ಬಾಯಿ ಬಿಟ್ಟಿಲ್ಲ. ನಿಮ್ಮ ಮುಂದೂ ಬಿಟ್ಟಿಲ್ಲ. ಹೌದಿಲ್ಲೋ?"

"ಹೌದು."

"ಯಾಕಂತ ಕೇಳ್ರಿ. ಆ ಭಾನುವಾರ ಮುಂಜಾನಿ ಆರೂವರಿಗೆ, ಯೋಗ್ಯಾನ ಜೀಪು ಇನ್ನೂ ದಾರ್ಯಾಗ ಇದ್ದಾಗ, ಅಂವಗ ಒಂದು ಫೋನ್ ಹೋಗಿತ್ತು. ನಮ್ಮ ಮನಿ ಫೋನಿಂದ. ಯೋಗ್ಯಾನ ಹೊರಡೂ ಮುಂದ ಮಾಡಿರಬೇಕು ಅಂತ ಎಲ್ಲಾರೂ ತಿಳದಾರ, ಅಂವ ಐದಕ್ಕ ಹೋಗಿದ್ದು ನನಗೊಬ್ಬಗ ಗೊತ್ತು."

ಕುಮುದಿನಿಗೆ ಆ ಕರೆ ಗೊತ್ತಿತ್ತು. ಪೊಲೀಸರ ಕಾಗದದಲ್ಲಿ ನೋಡಿದ್ದಳು. ನಲವತ್ತು ಸೆಕೆಂಡು. ಅವಳೂ ಹಾಗೆಯೇ ತಿಳಿದಿದ್ದಳು.

"ಹಗ್ಗದ ಗಂಟಿನ ತುದಿ ಕತ್ತರಿಸು, ದಾರ ಬಿಚ್ಚಿ ಬುಡಕ್ಕ ಕತ್ತರಿಸು, ಅಂವಗ ಏನೂ ಹೇಳಬ್ಯಾಡ ಅಂತ ಅಂದಾಂವ ನಾನು," ಎಂದರು ಸಾತಲಿಂಗಪ್ಪ. "ಅಂವ ಯಾಕ್ರಿ ಮಾಲಕ್ ಅಂದ. ನಾ ಹೇಳಿದ್ದು ಮಾಡು ಅಂದೆ. ಮಾಡಿದ."

ಸಹಿ ಮಾಡಿದ ಹಾಳೆ ಕುಮುದಿನಿಯ ಮುಷ್ಟಿಯಲ್ಲಿ ಮುದುಡಿತ್ತು.

"ಯಾಕ್ ಹೇಳಿದೆ ಅಂತ ನೀವಿನ್ನ ಕೇಳಬೇಕು," ಎಂದರು ಮುದುಕ. ಆದರೆ ಅವರ ಕಣ್ಣು ಅವಳ ಮೇಲಿರಲಿಲ್ಲ. ಅವಳ ಹೆಗಲಿನಾಚೆ, ಬಾಗಿಲ ಕಡೆ ನೆಟ್ಟಿತ್ತು.

ಕುಮುದಿನಿ ತಿರುಗಿ ನೋಡಿದಳು.

ಹೊಸ್ತಿಲ ಮೇಲೆ ಸುಗಲಾಬಾಯಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ವಕೀಲಳನ್ನು ನೋಡಲಿಲ್ಲ. ನೆಟ್ಟಗೆ ಒಳಗೆ ಬಂದಳು, ಮೇಜಿನ ಆಚೆಗಿದ್ದ ಮುದುಕನ ಎದುರು ನಿಂತಳು.

"ಖರೇ ಹೇಳ್ರಿ ಮಾಲಕ್," ಎಂದಳು. "ಆ ಫೋನ್ ಎತ್ತಿದಾಕಿ ನಾನು. ಅದರಾಗ ಮಾತಾಡಿದ್ದು ನಿಮ್ಮ ದನಿ ಅಲ್ಲ."